ಹೆಚ್ಚುಕಮ್ಮಿ ಸೋಮವಾರ

"ಗುರುಗಳೇ, ಇನ್ನೂ ಗಟ್ಟಿಯಾಗದ ದಿನವನ್ನು ಜನಕ್ಕೆ ಹೇಳಬಹುದಾ, ಹೇಳಬಾರದಾ?"

ಕೇಳಿದವನು ಬಕ್ಕೇಶ. ಕಾಲೇಜಿನ ಕಬಡ್ಡಿ ತಂಡದ ನಾಯಕ. ಗುರುಗಳು ಅದೇ ಕಾಲೇಜಿನಲ್ಲಿ ಆಟ ಕಲಿಸಿ ಮುದುಕರಾದವರು. ಕೆಲಸ ಬಿಟ್ಟ ಮೇಲೂ ಸಂಜೆ ಬಂದು ಅಂಗಳದ ಅಂಚಿನ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ಹುಡುಗರು ಆಡುವುದನ್ನು ನೋಡುತ್ತಿದ್ದರು. ಮಾತು ಕಮ್ಮಿ.

"ಯಾವ ದಿನ?" ಅಂದರು.

"ಈ ವರ್ಷದ ಪಂದ್ಯಗಳ ದಿನ. ಯಾವ ಕಾಲೇಜಿನ ಮೇಲೆ ಯಾವತ್ತು, ಎಲ್ಲಿ ಅಂತ ಒಂದು ಕರಡು ಬಂದಿದೆ. ಬದಲಾದರೂ ಬದಲಾಗಬಹುದು. ಜನ ಕೇಳಿ ಕೇಳಿ ತಲೆ ತಿಂತಿದಾರೆ. ನಮ್ಮ ಆಟ ನೋಡೋಕೆ ಹಳ್ಳಿಗಳಿಂದ ಬರೋರೇ ಜಾಸ್ತಿ. ಅವರು ರಜಾ ಹಾಕಬೇಕು, ಬಸ್ಸು ನೋಡ್ಕೋಬೇಕು, ದನಕರ ಯಾರಿಗಾದರೂ ಒಪ್ಪಿಸಬೇಕು. ಹೇಳದೆ ಇದ್ರೆ ಬೈತಾರೆ. ಹೇಳಿ ಬದಲಾದ್ರೂ ಬೈತಾರೆ."

"ನೀನು ಏನು ಮಾಡಬೇಕು ಅಂತಿದೀಯಾ?"

ಬಕ್ಕೇಶ ಫೋನು ತೆಗೆದು ತೋರಿಸಿದ.

"ಇದೋ, ಎಲ್ಲಾ ರೆಡಿ. ಮೇಲೆ ದಪ್ಪ ಅಕ್ಷರದಲ್ಲಿ 'ತಾತ್ಕಾಲಿಕ' ಅಂತ ಹಾಕಿದೀನಿ. ಒತ್ತಿದರೆ ಒಂದೇ ಸಲ ಎಲ್ಲರಿಗೂ ಹೋಗುತ್ತೆ. ಆ ಒಂದು ಮಾತು ಮೇಲಿದ್ದರೆ ಆಮೇಲೆ ನಮ್ಮನ್ನ ಯಾರೂ ಕೇಳೋ ಹಾಗಿಲ್ಲ. ಅಲ್ವಾ?"

ಗುರುಗಳು ಫೋನು ನೋಡಲಿಲ್ಲ. ಅವನ ಬೆರಳು ನೋಡಿದರು.

"ಸ್ವಲ್ಪ ತಡಿ" ಅಂದರು. "ಒಂದು ಕತೆ ಐತೆ. ಕೇಳಿ ಆಮೇಲೆ ಒತ್ತು."

ಬಕ್ಕೇಶ ಬೆಂಚಿನ ಕೆಳಗೆ ಕೂತ. ಗುರುಗಳು ಹೇಳಿದರು.

ಒಂದು ಪೇಟೆಯಲ್ಲಿ ಒಂದು ಗರಡಿಮನೆ ಇತ್ತು. ಗರಡಿಗೆ ಒಬ್ಬ ಉಸ್ತಾದ. ಅವನು ಸಾಕಿ ಬೆಳೆಸಿದ ಒಬ್ಬ ಜಟ್ಟಿ. ಆ ಜಟ್ಟಿಯ ಬೆನ್ನಿಗೆ ಮಣ್ಣು ಹತ್ತಿದ್ದನ್ನು ಯಾರೂ ನೋಡಿರಲಿಲ್ಲ. ಅವನ ಕುಸ್ತಿ ಅಂದರೆ ಸುತ್ತಲಿನ ಹಳ್ಳಿಗಳು ಖಾಲಿ.

ಕುಸ್ತಿಯ ದಿನವನ್ನು ಡಂಗುರ ಹೊಡೆದು ಸಾರುವುದು ಪದ್ಧತಿ. ಡಂಗುರದವನು ಹಳ್ಳಿಯಿಂದ ಹಳ್ಳಿಗೆ ನಡೆಯುತ್ತಿದ್ದ. ಆ ಗರಡಿಯಲ್ಲಿ ಇನ್ನೊಂದು ಪದ್ಧತಿ ಇತ್ತು. ಬನ್ನಿ ಅಂತ ಹೊಡೆದ ಡಂಗುರವನ್ನು ಬರಬೇಡಿ ಅನ್ನಲು ಹೊಡೆಯಬಾರದು. ಹೊಡೆದರೆ ಅಖಾಡದ ಮಣ್ಣು ಮುನಿಯುತ್ತದೆ. ಗರಡಿಯ ಜಟ್ಟಿ ಬೀಳುತ್ತಾನೆ. ಹಿಂದಿನವರು ಹಾಗೆ ನಡೆದಿದ್ದರು. ಇವರೂ ನಡೆದರು. ಯಾಕೆ ಅಂತ ಯಾರೂ ಕೇಳಿರಲಿಲ್ಲ.

ಅಖಾಡದ ಮಣ್ಣು ಅಂದರೆ ಅವರಿಗೆ ದೇವರು. ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ನಿಂಬೆಹಣ್ಣಿನ ರಸ ಹಾಕಿ ತುಳಿದು ಹದ ಮಾಡುತ್ತಿದ್ದರು. ಕುಸ್ತಿ ಮುಗಿದ ಮೇಲೆ ಗೆದ್ದವನು ನಿಂತ ಜಾಗದ ಮಣ್ಣನ್ನು ಜನ ಹಿಡಿಯಷ್ಟು ಒಯ್ಯುತ್ತಿದ್ದರು. ಹುಟ್ಟಿದ ಮಗುವಿನ ಹಣೆಗೆ ಮೊದಲು ಆ ಮಣ್ಣು ಹಚ್ಚಿದರೆ ಮಗು ಉಳಿಯುತ್ತದೆ ಅನ್ನುವ ನಂಬಿಕೆ.

ದೂರದ ಒಂದು ಹಳ್ಳಿಯಲ್ಲಿ ಒಬ್ಬ ಕುಂಬಾರ. ಅವನಿಗೆ ಹೆಂಡತಿ ಬಿಟ್ಟರೆ ಯಾರೂ ಇಲ್ಲ. ಹೆಂಡತಿ ಬಸುರಿ. ಹಿಂದೆ ಹುಟ್ಟಿದವು ಒಂದೂ ಉಳಿದಿರಲಿಲ್ಲ. ಆ ಹಳ್ಳಿಗೆಲ್ಲ ಇದ್ದದ್ದು ಒಂದೇ ಎತ್ತಿನಗಾಡಿ. ಅದು ಕುಂಬಾರನದು. ಗಡಿಗೆ ಹೇರಲು ಇಟ್ಟುಕೊಂಡದ್ದು.

ಹಳ್ಳಿಯಲ್ಲಿ ಒಬ್ಬಳು ಮುದುಕಿ ಸೂಲಗಿತ್ತಿ ಇದ್ದಳು. ಅವಳು ಕುಂಬಾರನ ಹೆಂಡತಿಯ ಹೊಟ್ಟೆ ಮುಟ್ಟಿ ನೋಡಿ ಹೇಳಿದ್ದಳು.

"ಹೆಚ್ಚುಕಮ್ಮಿ ಹುಣ್ಣಿಮೆ ಆದಮೇಲೆ."

ಹೇಳಿ ಮನೆಯಲ್ಲಿ ಕೂರಲಿಲ್ಲ. ದಿನಾ ಬೆಳಿಗ್ಗೆ ಬಂದಳು. ಬಾಗಿಲಲ್ಲಿ ಬಗ್ಗಿ ಒಳಗೆ ಬಂದು, ಕೈ ಬಿಸಿ ಮಾಡಿಕೊಂಡು, ಹೊಟ್ಟೆ ಮುಟ್ಟಿ ನೋಡುವಳು. ಒಂದು ಮಾತು ಹೇಳಿ ಹೋಗುವಳು.

ಕುಂಬಾರನಿಗೆ ನಗು.

"ಏನಜ್ಜೀ, ಹುಣ್ಣಿಮೆ ಅಂದಮೇಲೆ ಆತಲ್ಲ. ದಿನಾ ಬಂದು ಗಡಿಗೆ ತಟ್ಟಿ ನೋಡಿದಂಗೆ ನೋಡ್ತೀಯಲ್ಲ."

"ನಿನ್ನ ಗಡಿಗೆ ಇಟ್ಟಲ್ಲಿ ಕೂತಿರ್ತದೆ. ಇದು ಕೂರಲ್ಲ ಕಣೋ. ನಾನು ನಿನ್ನೆ ಹೇಳಿದ್ದು ನಿನ್ನೆಗೆ" ಅಂದಳು ಮುದುಕಿ.

ಆ ದಿನಗಳಲ್ಲೇ ಡಂಗುರ ಹಳ್ಳಿಗೆ ಬಂತು.

"ಕೇಳ್ರಪ್ಪೋ ಕೇಳ್ರಿ! ಜಟ್ಟಿಯ ಕುಸ್ತಿ ಐತೆ! ಹೆಚ್ಚುಕಮ್ಮಿ ಸೋಮವಾರ!"

ಹೆಚ್ಚುಕಮ್ಮಿ ಅನ್ನುವ ಮಾತನ್ನು ಉಸ್ತಾದನೇ ಸೇರಿಸಲು ಹೇಳಿದ್ದ. ಎದುರಾಳಿ ಇನ್ನೂ ಪೂರ್ತಿ ಒಪ್ಪಿರಲಿಲ್ಲ. ಆದರೆ ಜನ ಕಾಯುತ್ತಿದ್ದರು. ಡಂಗುರದವನು ಆ ಮಾತನ್ನು ನುಂಗದೆ ಹೇಳಿದ. ಜನ ಕೇಳಿಸಿಕೊಂಡದ್ದು ಸೋಮವಾರ.

ಕುಂಬಾರ ತಿಗರಿ ನಿಲ್ಲಿಸಿ ಬಾಗಿಲಿಗೆ ಓಡಿದ. ಕೈತುಂಬ ಕೆಸರು. ಹೆಂಡತಿ ನಕ್ಕಳು.

"ನೋಡು, ಮೀಸೆ ತಿರುವಿ ಮೀಸೆಗೂ ಮಣ್ಣು ಮಾಡ್ಕೊಂಡೆ. ಗೆಲ್ಲೋನು ಅವನು, ಕುಣಿಯೋನು ನೀನು."

"ನಾನು ಹೋಗಲ್ಲ. ನಿನ್ನ ಹಿಂಗೆ ಬಿಟ್ಟು ಹೆಂಗೆ ಹೋಗ್ಲಿ?"

"ಹೋಗು. ಸೋಮವಾರ ಹೋಗಿ ಸೋಮವಾರ ಬಾ. ಹುಣ್ಣಿಮೆ ದೂರ ಐತೆ." ಆಮೇಲೆ ಅವಳು ನಗಲಿಲ್ಲ. "ಗೆದ್ದ ಮಣ್ಣು ಒಂದು ಹಿಡಿ ತಾ. ಇದೊಂದು ಉಳೀಲಿ."

ಕುಂಬಾರ ಆಗಲಿ ಅಂದ.

ಶುಕ್ರವಾರ ಪೇಟೆಯ ಗರಡಿಗೆ ಒಬ್ಬ ಆಳು ಬಂದ. ಎದುರಾಳಿ ಜಟ್ಟಿಯ ತೋಳು ಊದಿದೆ, ಸೋಮವಾರ ಆಗುವುದಿಲ್ಲ, ಬುಧವಾರ ಬರುತ್ತೇವೆ ಅಂತ ಹೇಳಿ ಹೋದ.

ಡಂಗುರದವನು ಎದ್ದು ನಿಂತ.

"ಉಸ್ತಾದರೇ, ಹಳ್ಳಿಗಳಿಗೆ ಹೋಗಿ ಬರ್ಲಾ? ಡಂಗುರ ಹೊಡೆಯಲ್ಲ. ಇಲ್ಲೇ ಬಿಟ್ಟು ಹೋಗ್ತೀನಿ. ಬರೀ ಬಾಯಲ್ಲಿ ಹೇಳಿ ಬರ್ತೀನಿ."

ಉಸ್ತಾದ ಯೋಚಿಸಿದ. ಡಂಗುರದಿಂದ ಹೇಳಿದರೇನು, ಬಾಯಿಂದ ಹೇಳಿದರೇನು, ಬರಬೇಡಿ ಅಂದ ಹಾಗೇ ಅಲ್ಲವಾ ಅನ್ನಿಸಿತು. ಮಣ್ಣು ಮುನಿದರೆ ಅನ್ನುವ ಹೆದರಿಕೆ.

"ಬ್ಯಾಡ. ಹೆಚ್ಚುಕಮ್ಮಿ ಅಂತ ಸೇರಿಸಿದ್ದೀಯಲ್ಲ?"

"ಹ್ಞೂಂ, ಎಲ್ಲಾ ಹಳ್ಳೀಲೂ."

"ಮತ್ತಿನ್ನೇನು. ನಮ್ಮ ಮಾತು ನಾವು ಹೇಳಿದೀವಿ. ಕೂತ್ಕೋ."

ಡಂಗುರದವನು ಕೂತ.

ಆ ಶುಕ್ರವಾರ ಕುಂಬಾರ ಮನೆಯಲ್ಲೇ ಇದ್ದ. ಗಾಡಿಯ ಅಚ್ಚಿಗೆ ಎಣ್ಣೆ ಬಿಡುತ್ತಿದ್ದ.

ಭಾನುವಾರ ಬೆಳಿಗ್ಗೆ ಸೂಲಗಿತ್ತಿ ಬಂದಳು. ಹೊಟ್ಟೆ ಮುಟ್ಟಿದಳು. ಕೈ ಅಲ್ಲೇ ಇಟ್ಟುಕೊಂಡು ಸುಮ್ಮನೆ ಕೂತಳು. ಆಮೇಲೆ ಹೊರಗೆ ಬಂದು ಕುಂಬಾರನನ್ನು ಕರೆದಳು.

"ನನ್ನ ಮಾತು ಬದಲಾತು. ಮಗು ಕೆಳಗೆ ಇಳಿದೈತೆ. ಹುಣ್ಣಿಮೆವರೆಗೂ ಕಾಯಲ್ಲ. ನೀನು ನಾಳೆ ಹೋಗೋನೇ ಆದ್ರೆ ಹೊತ್ತು ಮುಳುಗೋದ್ರೊಳಗೆ ಗಾಡಿ ಇಲ್ಲಿರಬೇಕು. ಏನಾದ್ರೂ ಆದ್ರೆ ಪೇಟೆ ಆಸ್ಪತ್ರೆಗೆ ಒಯ್ಯೋಕೆ ಬೇರೆ ಗಾಡಿ ಇಲ್ಲ."

"ಕುಸ್ತಿ ಮುಗಿದ ಕೂಡಲೆ ಹೊರಡ್ತೀನಿ ಅಜ್ಜಿ. ಅವನದು ಎಷ್ಟು ಹೊತ್ತು. ಎತ್ತಿ ಒಗೀತಾನೆ, ಮುಗೀತು."

ಸೋಮವಾರ ಕುಂಬಾರ ಗಾಡಿ ಹೂಡಿದ. ಕುಸ್ತಿಗೆ ಸೇರುವ ಜನಕ್ಕೆ ನೀರಿನ ಗಡಿಗೆ ಬೇಕಾಗುತ್ತದೆ ಅಂತ ಹತ್ತಾರು ಗಡಿಗೆ ಹೇರಿಕೊಂಡ. ಹೆಂಡತಿ ಬಾಗಿಲಿಗೆ ಬಂದು ನಿಂತಳು. ಮಣ್ಣು ಕಟ್ಟಿಕೊಳ್ಳಲು ತನ್ನ ಹಳೆ ಸೀರೆಯ ಒಂದು ತುಂಡು ಹರಿದು ಕೊಟ್ಟಳು.

ಪೇಟೆ ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಅಖಾಡದಲ್ಲಿ ಯಾರೂ ಇಲ್ಲ.

ಕುಂಬಾರ ನಿಂತೇಬಿಟ್ಟ. ಮಣ್ಣಿನ ಮೇಲೆ ತಾಡಪಾಲು ಹೊದಿಸಿತ್ತು. ಒಂದು ನಾಯಿ ಮಲಗಿತ್ತು. ಬೇರೆ ಹಳ್ಳಿಗಳಿಂದ ಬಂದವರು ಅಲ್ಲಲ್ಲಿ ನಿಂತು ಬೈಯುತ್ತಿದ್ದರು.

"ಇವತ್ತು ನಾಯಿಗೂ ನೊಣಕ್ಕೂ ಕುಸ್ತಿ ಕಣ್ರೋ. ನೋಡ್ಕೊಂಡು ಹೋಗ್ರಿ."

"ಯಾರು ಗೆದ್ರು?"

"ನೊಣ."

ಜನ ನಕ್ಕರು. ಬೈದುಕೊಂಡು ಒಬ್ಬೊಬ್ಬರೇ ಹೋದರು. ಕುಂಬಾರ ನಗಲಿಲ್ಲ. ಗರಡಿಯ ಬಾಗಿಲಿಗೆ ಹೋಗಿ ಕೇಳಿದ. ಉಸ್ತಾದ ಒಳಗಿನಿಂದಲೇ ಹೇಳಿದ.

"ನಾಳೆ ನಾಡಿದ್ದರಲ್ಲಿ ಆಗ್ತದೆ. ನಿಲ್ಲೋರು ನಿಲ್ಲಬಹುದು."

ಬುಧವಾರ ಅಂತ ಉಸ್ತಾದನಿಗೆ ಗೊತ್ತಿತ್ತು. ಎದುರಾಳಿಯ ತೋಳು ಮತ್ತೆ ಊದಿದರೆ ಅಂತ ಬಾಯಿ ಬಿಟ್ಟು ಹೇಳಲಿಲ್ಲ.

ಕುಂಬಾರ ಗಾಡಿಯ ಹತ್ತಿರ ಬಂದ. ಎತ್ತು ಹೂಡಿದ. ಸೀರೆಯ ತುಂಡು ಸೊಂಟದಲ್ಲಿತ್ತು. ಬರಿಗೈಲಿ ಹೋದರೆ ಅವಳು ಏನೂ ಅನ್ನುವುದಿಲ್ಲ, ಅದು ಅವನಿಗೆ ಗೊತ್ತು. ಆದರೆ ಹಿಂದಿನವು ಉಳಿದಿರಲಿಲ್ಲ. ನಾಳೆ ಅಂದರೆ ಎಷ್ಟು ದೂರ ಅಂದುಕೊಂಡ. ಎತ್ತು ಬಿಚ್ಚಿದ.

ಮಂಗಳವಾರವೂ ಹಾಗೆ ಆಯಿತು. ಸಂಜೆ ಹೂಡಿದ. ಆಗ ಡಂಗುರದವನು ಓಡಿಬಂದು ಹೇಳಿದ.

"ಈಗ ಹೊರಟೇಬಿಟ್ಯಾ? ನಾಳೆ ಖಂಡಿತ ಕಣಣ್ಣಾ. ಎದುರಾಳಿ ಬಂದು ಛತ್ರದಲ್ಲಿ ಇಳಿದಿದಾನೆ. ನಾನೇ ಕಣ್ಣಾರೆ ನೋಡ್ದೆ."

ಎರಡು ದಿನ ಕಾದಿದ್ದ. ಇನ್ನೊಂದು ಅಂದುಕೊಂಡ. ಬಿಚ್ಚಿದ.

ಬುಧವಾರ ಕುಸ್ತಿ ನಡೆಯಿತು. ಜಟ್ಟಿ ಎದುರಾಳಿಯನ್ನು ಎತ್ತಿ ಚಿತ್ ಮಾಡಿದ. ಜನ ಕಿರುಚಿದರು. ಕುಂಬಾರನೂ ಕಿರುಚಿದ. ನುಗ್ಗಿ ಹೋಗಿ, ಜಟ್ಟಿಯ ಕಾಲ ಬುಡದ ಮಣ್ಣನ್ನೇ ಒಂದು ಹಿಡಿ ತೆಗೆದ. ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದ. ಗಡಿಗೆ ಅಲ್ಲೇ ಯಾರಿಗೋ ಬಿಟ್ಟು ಗಾಡಿ ಹೊಡೆದ. ಎತ್ತುಗಳನ್ನು ಆವತ್ತು ಓಡಿಸಿದ ಹಾಗೆ ಯಾವತ್ತೂ ಓಡಿಸಿರಲಿಲ್ಲ.

ಬಿಸಿಲು ಇನ್ನೂ ಇತ್ತು. ಅರ್ಧ ದಾರಿಯಲ್ಲಿ ಎದುರಿಗೆ ಜನ ಬರುವುದು ಕಂಡಿತು. ನಾಲ್ಕು ಜನ ಒಂದು ಹೊರಸು ಹೊತ್ತಿದ್ದರು. ಬಿರಬಿರನೆ ನಡೆಯುತ್ತಿದ್ದರು. ಕುಂಬಾರ ದೂರದಿಂದಲೇ ಕೂಗಿದ.

"ಗೆದ್ದ! ನಮ್ಮ ಜಟ್ಟಿ ಗೆದ್ದ ಕಣ್ರೋ!"

ಹೊತ್ತವರು ನಡೆಯುತ್ತಲೇ ಬಂದರು.

ಪಾಪ, ಯಾರಿಗೋ ಏನೋ ಆಗಿದೆ ಅಂತ ಕುಂಬಾರ ಗಾಡಿಯನ್ನು ಬದಿಗೆ ಹೊಡೆದು ದಾರಿ ಬಿಟ್ಟ. ತಲೆಗೆ ಸುತ್ತಿದ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹೊರಸು ಹತ್ತಿರ ಬಂತು. ಹೊತ್ತವರ ಮುಖ ಕಂಡಿತು. ಅವನ ಓಣಿಯವರು. ಹೊರಸಿನಿಂದ ಒಂದು ಕೈ ಹೊರಗೆ ಜೋತಿತ್ತು. ಬಳೆ ಕಂಡಿತು.

ಕುಂಬಾರ ಹಾರಿ ಇಳಿದ.

"ಗಾಡಿಗೆ ಹಾಕ್ರಿ. ಗಾಡಿ ಬಂದೈತೆ. ಹಾಕ್ರಿ, ಬೇಗ ಹಾಕ್ರಿ. ತಿರುಗಿಸ್ತೀನಿ. ಎತ್ತು ಓಡ್ತಾವೆ."

ಹಿಂದೆ ಸೂಲಗಿತ್ತಿ ಬರುತ್ತಿದ್ದಳು. ಅವಳ ಸೆರಗಿನೊಳಗೆ ಮಗು ಅಳುತ್ತಿತ್ತು. ಅವಳು ಮಗುವನ್ನು ಜೊತೆಗೆ ನಡೆದುಬಂದಿದ್ದ ಒಬ್ಬನ ಕೈಗೆ ಕೊಟ್ಟು, ಹೊರಸಿನ ಹತ್ತಿರ ಬಂದು, ಕುಂಬಾರನ ಹೆಂಡತಿಯ ಎದೆಯ ಮೇಲೆ ಕೈ ಇಟ್ಟಳು. ಕೈ ತೆಗೆದಳು.

"ಇಳಿಸ್ರಪ್ಪಾ. ಇನ್ನು ನಡೆಯೋದು ಬ್ಯಾಡ" ಅಂದಳು.

ಹೊತ್ತವರು ಇಳಿಸಿದರು.

"ಮಗು ಬೆಳಿಗ್ಗೆ ಆತು. ರಕ್ತ ನಿಲ್ಲಲಿಲ್ಲ. ಗಾಡಿ ಇದ್ದಿದ್ರೆ ಆಸ್ಪತ್ರೆ ಯಾವಾಗಲೋ ಮುಟ್ತಿದ್ವಿ. ಆ ಹುಣಸೆಮರದ ಹತ್ರ ಬಂದಾಗ, ನೋಡು ಗಾಡಿ ಬರ್ತಾ ಐತೆ, ನಿನ್ನ ಗಂಡನ ಗಾಡಿ ಅಂದೆ. ಕಣ್ಣು ಬಿಟ್ಳು. ಅಷ್ಟೆ."

ಹುಣಸೆಮರ ಅಲ್ಲೇ ಕಾಣುತ್ತಿತ್ತು.

ಕುಂಬಾರ ಅಳಲಿಲ್ಲ. ಗೆದ್ದ ಅಂತ ಕೂಗಿದ ಬಾಯಿ ಹಾಗೇ ತೆರೆದಿತ್ತು. ಎತ್ತುಗಳು ಏದುಸಿರು ಬಿಡುತ್ತಿದ್ದವು.

ಅದೇ ಗಾಡಿಯಲ್ಲಿ ಅವಳನ್ನು ಊರಿಗೆ ತಂದರು.

ಮರುದಿನ ಹೂಳಿದರು. ಬಂದವರೆಲ್ಲ ಒಬ್ಬೊಬ್ಬರಾಗಿ ಒಂದು ಹಿಡಿ ಮಣ್ಣು ಹಾಕಿದರು. ಕುಂಬಾರನ ಸರದಿ ಬಂತು. ಅವನು ಬಗ್ಗಿ ಮಣ್ಣು ತೆಗೆದುಕೊಳ್ಳಲಿಲ್ಲ. ಸೊಂಟದಿಂದ ಗಂಟು ತೆಗೆದು ಬಿಚ್ಚಿದ. ಅರಿಶಿನದ ವಾಸನೆ ಬಂತು. ಒಬ್ಬ ಹಿರಿಯ ಹೆಂಗಸು ಅವನ ಕೈ ಹಿಡಿದಳು.

"ಅದು ಮಗೂಗಲ್ಲವಾ ಮಗನೇ. ಹಣೆಗೆ ಹಚ್ಚು."

"ಇದು ಅವಳು ಕೇಳಿದ್ದು" ಅಂದ ಕುಂಬಾರ. ಪೂರ್ತಿ ಹಾಕಿದ. ಸೀರೆಯ ತುಂಡು ಕೊಡವಿ, ಅದನ್ನೂ ಹಾಕಿದ.

ಆಮೇಲೆ ಒಂದು ದಿನ ಅವನು ಪೇಟೆಗೆ ನಡೆದುಕೊಂಡು ಹೋದ. ಗರಡಿಯ ಬಾಗಿಲಲ್ಲಿ ನಿಂತ. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಜಟ್ಟಿಗಳೆಲ್ಲ ಸಾಮು ನಿಲ್ಲಿಸಿದರು. ಹೊಡೆಯಲು ಬಂದಿದ್ದಾನೆ ಅಂದುಕೊಂಡು ಇಬ್ಬರು ಉಸ್ತಾದನ ಪಕ್ಕಕ್ಕೆ ಬಂದರು. ಉಸ್ತಾದ ಅವರನ್ನು ಸರಿಸಿದ. ಹೊಡೆದರೆ ಹೊಡೆಸಿಕೊಳ್ಳೋಣ ಅಂತ ಮುಂದೆ ಬಂದ.

ಕುಂಬಾರ ಕೈ ಎತ್ತಲಿಲ್ಲ. ಬೈಯಲೂ ಇಲ್ಲ.

"ಉಸ್ತಾದರೇ, ಒಂದು ಮಾತು ಕೇಳಿ ಹೋಗೋಣ ಅಂತ ಬಂದೆ. ಸೋಮವಾರ ಇಲ್ಲ ಅಂತ ನಿಮಗೆ ಯಾವತ್ತು ಗೊತ್ತಾತು?"

ಉಸ್ತಾದ ಡಂಗುರದವನನ್ನು ನೋಡಿದ. ಡಂಗುರದವನು ನೆಲ ನೋಡಿದ.

"ಶುಕ್ರವಾರ" ಅಂದ ಉಸ್ತಾದ.

"ಶುಕ್ರವಾರ ನಾನು ಮನೇಲೇ ಇದ್ದೆ" ಅಂದ ಕುಂಬಾರ.

ಅಷ್ಟೇ ಹೇಳಿ ತಿರುಗಿದ. ಬಂದ ಹಾಗೇ ನಡೆದುಕೊಂಡು ಹೋದ.

ನಾವು ಹೆಚ್ಚುಕಮ್ಮಿ ಅಂತ ಹೇಳಿದ್ದೆವಲ್ಲ ಅನ್ನಬೇಕು ಅಂತ ಉಸ್ತಾದ ಮೊದಲೇ ಅಂದುಕೊಂಡಿದ್ದ. ಅನ್ನಲಿಲ್ಲ. ಕುಂಬಾರ ಬೀದಿಯ ತಿರುವು ದಾಟುವವರೆಗೂ ಅವನು ಬಾಗಿಲಲ್ಲೇ ನಿಂತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಅಂಗಳದಲ್ಲಿ ಹುಡುಗರ ಆಟ ಮುಗಿದಿತ್ತು. ಬಕ್ಕೇಶನ ಕೈಯಲ್ಲಿ ಫೋನು ಹಾಗೇ ಇತ್ತು. ಅವನು ಕೇಳಿದ.

"ಹಾಗಾದರೆ ದಿನ ಗಟ್ಟಿಯಾಗೋವರೆಗೂ ಬಾಯಿ ಬಿಡಬಾರದು ಅಂತೀರಾ?"

ಗುರುಗಳು ಇಲ್ಲ ಅನ್ನುವಂತೆ ತಲೆ ಅಲ್ಲಾಡಿಸಿದರು.

"ಮತ್ತೆ? ಡಂಗುರದವನು ಹೆಚ್ಚುಕಮ್ಮಿ ಅಂತ ಮೊದಲೇ ಸಾರಿದ್ದನಲ್ಲ ಗುರುಗಳೇ. ಮುಚ್ಚಿಟ್ಟಿರಲಿಲ್ಲ. ಇನ್ನೇನು ಮಾಡಬೇಕಿತ್ತು?"

ಗುರುಗಳು ಎದ್ದು, ಬೆಂಚಿನ ಮೇಲಿದ್ದ ವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಸೂಲಗಿತ್ತಿಯೂ ಹೆಚ್ಚುಕಮ್ಮಿ ಅಂತಲೇ ಹೇಳಿದ್ದಳು, ಅವಳು ದಿನಾ ಬಂದಳು."